ಹತ್ತನೆಯ ಮನೆ

ಆ ಮನೆಯಲ್ಲಿ ದೊಡ್ಡ ಮಾತುಗಳೆಲ್ಲ ಊಟದ ಮೇಜಿನ ಮೇಲೆಯೇ ಬೀಳುತ್ತಿದ್ದವು. ಹೊಟ್ಟೆ ತುಂಬಿದ ಮೇಲೆ ಹೇಳಿದರೆ ಯಾರಿಗೂ ಜಗಳದ ಉಮೇದು ಉಳಿದಿರುವುದಿಲ್ಲ ಎಂದು ಅತ್ತೆಯ ಲೆಕ್ಕ. ತುಂಬುವ ಮೊದಲೇ ಹೇಳಿದರೆ ಯಾರೂ ಎದ್ದು ಹೋಗುವುದಿಲ್ಲ ಎಂದು ಸೊಸೆಯ ಲೆಕ್ಕ. ಆ ಭಾನುವಾರ ಸೊಸೆ ತನ್ನ ಲೆಕ್ಕವನ್ನೇ ನಂಬಿ, ಅನ್ನ ಬಡಿಸುತ್ತಲೇ ಹೇಳಿಬಿಟ್ಟಳು.

"ಜಿಮ್ ಕೋಚ್ ಕೆಲಸ ಬಿಟ್ಟೆ."

ಗಂಡನ ತುತ್ತು ಬಾಯಿಯ ಹತ್ತಿರ ನಿಂತಿತು. "ಬಿಡ್ತೀನಿ ಅಂತಾನಾ, ಬಿಟ್ಟಾಯ್ತು ಅಂತಾನಾ?"

"ಬಿಟ್ಟಾಯ್ತು. ನಿನ್ನೆ."

"ಯಾರನ್ನ ಕೇಳಿ?"

"ಕೇಳಿದ್ರೆ ನೀವು 'ನೋಡೋಣ' ಅಂತಿದ್ರಿ. ಅದಕ್ಕೇ ಕೇಳಲಿಲ್ಲ."

ಮಾತು ಸುಳ್ಳಲ್ಲ. ಗಂಡ ಕನ್ನಡಕದ ಅಂಗಡಿಯಲ್ಲಿ ಕೌಂಟರಿನವನು. ದಿನವಿಡೀ ಗಿರಾಕಿಗಳಿಗೆ 'ಇದು ಚೆನ್ನಾಗಿದೆಯೋ, ಅದು ಚೆನ್ನಾಗಿದೆಯೋ' ಎಂದು ಕೇಳಿ ಕೇಳಿ, ಮನೆಗೆ ಬಂದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆಯೇ ಮಾತಾಡುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಆದರೆ ಅವನಿಂದ 'ಹೂಂ' ಅನ್ನಿಸುವುದರೊಳಗೆ ಅಕ್ಕಿ ಬೆಂದು ತಳ ಹಿಡಿದಿರುತ್ತಿತ್ತು.

ಸೊಸೆ ಕೂತಳು, ತನಗೂ ಬಡಿಸಿಕೊಂಡಳು. "ಇಷ್ಟು ವರ್ಷದಿಂದ ನೋಡ್ತಾ ಇದೀನಿ. ಹೆಂಗಸರು ವರ್ಷದ ಫೀಸು ಒಟ್ಟಿಗೆ ಕಟ್ತಾರೆ, ಎರಡು ವಾರ ಬರ್ತಾರೆ, ಆಮೇಲೆ ಪತ್ತೆ ಇರಲ್ಲ. ಮಾಲೀಕನಿಗೆ ಖುಷಿ, ಫೀಸು ಬಂತು, ಮೆಷಿನ್ ಸವೆಯಲಿಲ್ಲ. ಅವರೇನು ಸೋಮಾರಿಗಳಲ್ಲ ರೀ. ಮನೆ ಬಿಟ್ಟು ಬರೋಕಾಗಲ್ಲ, ಅಷ್ಟೆ. ಅವರು ಬರೋಕಾಗದಿದ್ರೆ ನಾನೇ ಅವರ ಮನೆಗೆ ಹೋಗ್ತೀನಿ. ಚಾಪೆ, ರಬ್ಬರ್ ಪಟ್ಟಿ, ಒಂದು ಜೊತೆ ಡಂಬೆಲ್ಸ್. ಒಂದು ಬ್ಯಾಗಿಗೆ ಹಿಡಿಯುತ್ತೆ. ಸ್ಕೂಟರ್ ಇದೆ. ಉಳಿದದ್ದು ಅವರ ಮನೇಲೇ ಇರುತ್ತೆ. ಕುರ್ಚಿ, ಮೆಟ್ಟಿಲು, ಗೋಡೆ."

"ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅಂತಾರೆ," ಎಂದ ಗಂಡ. "ಅದಕ್ಕೂ ಜನ ಮನೆಗೆ ಟೀಚರ್ ಕರೆಸ್ಕೊಳ್ತಾರಾ?"

"ಗುದ್ದೋದು ಹೇಗೆ ಅಂತ ಗೊತ್ತಿದ್ರೆ ಮೈ ನೋಯಲ್ಲ."

ಹೈಸ್ಕೂಲಿನಲ್ಲಿ ಓದುವ ಮಗಳಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ಅನ್ನಕ್ಕೆ ತೊವ್ವೆ ಕಲೆಸುತ್ತಿದ್ದಳು. ಕೊನೆಗೆ ಎಲ್ಲರ ತಟ್ಟೆ ಖಾಲಿಯಾಗುವ ಹೊತ್ತಿಗೆ ಒಂದು ಒಪ್ಪಂದವಾಯಿತು. ಮಗಳ ಶಾಲೆಗೆ ಆಗಷ್ಟೇ ಬೇಸಿಗೆ ರಜೆ ಬಂದಿತ್ತು. ಶಾಲೆ ಮತ್ತೆ ತೆರೆಯುವುದರೊಳಗೆ ಸೊಸೆಗೆ ಹತ್ತು ಮನೆ ಗಟ್ಟಿಯಾಗಿ ಸಿಗಬೇಕು. ಒಮ್ಮೆ ಕರೆದು ಬಿಡುವವರು ಲೆಕ್ಕಕ್ಕಿಲ್ಲ, ವಾರ ವಾರ ಕರೆಯುವವರು ಹತ್ತು. ಸಿಗದಿದ್ದರೆ ಮತ್ತೆ ಜಿಮ್ಮಿಗೆ. ಅಲ್ಲಿಯವರೆಗೆ ಅವಳ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾಲೀಕನೇ ಹೇಳಿದ್ದ. 'ನೀನು ವಾಪಸ್ ಬಂದೇ ಬರ್ತೀಯ' ಎಂದು ಅವನು ನಕ್ಕಿದ್ದನ್ನು ಮಾತ್ರ ಸೊಸೆ ಮನೆಯಲ್ಲಿ ಹೇಳಲಿಲ್ಲ. ಆ ನಗೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

"ಹತ್ತು ಯಾಕೆ, ಹದಿನೈದು ಮಾಡಿ ತೋರಿಸ್ತೀನಿ," ಎಂದಳು.

"ಹತ್ತು ಸಾಕು," ಎಂದ ಗಂಡ.

ಮೊದಲ ತೊಡಕು ಫೋನಿನದು. ಒಬ್ಬಾಕೆಯನ್ನು ಒಂಟಿಕಾಲಲ್ಲಿ ನಿಲ್ಲಿಸಿ, ಇನ್ನೊಬ್ಬಾಕೆಯ ಜೊತೆ ಫೋನಿನಲ್ಲಿ ಮಾತಾಡಲು ಆಗುತ್ತದೆಯೇ? ಸೊಸೆ ಒಂದು ಅಗ್ಗದ ಫೋನು ತಂದು ಮೇಜಿನ ಮೇಲಿಟ್ಟು, ಇದನ್ನು ಯಾರು ನೋಡಿಕೊಳ್ಳುತ್ತೀರಿ ಎಂದಳು. ಮಗಳು ಕೈ ಚಾಚುವ ಮೊದಲೇ ಅತ್ತೆ ಅದನ್ನು ಎಳೆದುಕೊಂಡಾಗಿತ್ತು.

"ಕೊಡಿಲ್ಲಿ. ಇದೇನು ನಂಗೆ ಹೊಸದಾ?"

ಅತ್ತೆ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಯಾವ ವಾರ್ಡಿಗೆ ಯಾವ ನಂಬರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಮನೆಯಲ್ಲಿ ಅವಳ ಧ್ವನಿ ಸೌಟಿನ ಸದ್ದಿನಂತಿತ್ತು. ಫೋನು ಕಿವಿಗಿಟ್ಟ ಕೂಡಲೇ ಅದೇ ಧ್ವನಿಗೆ ಬೆಣ್ಣೆ ಸವರಿದಂತಾಗುತ್ತಿತ್ತು. "ಹಲೋ, ಹೇಳೀಮ್ಮ..." ಎಂದರೆ ಸಾಕು, ಆ ಕಡೆಯವರು ಸೊಂಟನೋವಿನಿಂದ ಶುರುಮಾಡಿ ನಾದಿನಿಯ ಕಾಟದವರೆಗೆ ಎಲ್ಲ ಹೇಳಿಬಿಡುತ್ತಿದ್ದರು.

ಬೆಳಗಿನ ಮನೆ ತಲೆಕೆಳಗಾಯಿತು. ಸೊಸೆ ಬೆಳಕು ಹರಿಯುವ ಮೊದಲೇ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಗಂಡ ಬ್ರೆಡ್ಡು ಸುಡಲು ಕಲಿತ, ಸುಟ್ಟದ್ದನ್ನು ಕೆರೆದು ತಿನ್ನಲೂ ಕಲಿತ. ಮಗಳು ಒಣಗಿದ ಬಟ್ಟೆ ಮಡಚುವ ಕೆಲಸ ವಹಿಸಿಕೊಂಡಳು. ಅವಳು ಮಡಚಿದ ಅಂಗಿ ಮುದ್ದೆಯಾಗಿದೆ ಎಂದು ಅಪ್ಪ ಗೊಣಗಿದರೆ, "ಹಾಕ್ಕೊಂಡ ಮೇಲೆ ಸರಿಯಾಗುತ್ತೆ ಅಪ್ಪ" ಎಂದು ಸಮಾಧಾನ ಹೇಳುತ್ತಿದ್ದಳು. ಅಡುಗೆ ಅತ್ತೆಯ ಪಾಲಿಗೆ ಬಂತು. ಅಡುಗೆ ಯಾವತ್ತೂ ಅತ್ತೆಯ ಪಾಲಿಗೇ ಇತ್ತು, ನಿಜ ಹೇಳಬೇಕೆಂದರೆ. ಡ್ಯೂಟಿಗೆ ಹೋಗುತ್ತಿದ್ದ ಕಾಲದಲ್ಲೂ ಅವಳು ಒಲೆ ಆರಿಸಿ ಹೋಗಿ ಬೋರ್ಡಿನ ಮುಂದೆ ಕೂರುತ್ತಿದ್ದಳು, ಎದ್ದು ಬಂದು ಒಲೆ ಹಚ್ಚುತ್ತಿದ್ದಳು.

"ಅತ್ತೆ, ನೀವೂ ಒಂದು ಗಂಟೆ ಬನ್ನಿ. ನಿಮ್ಮ ಮಂಡಿಗೆ ನಾಲ್ಕು ವ್ಯಾಯಾಮ ಹೇಳ್ಕೊಡ್ತೀನಿ," ಎಂದು ಸೊಸೆ ಕರೆಯದೆ ಇರಲಿಲ್ಲ.

"ಒಲೆ ಮುಂದೆ ನಿಂತು ಕೂತು ಮಾಡೋದು ವ್ಯಾಯಾಮ ಅಲ್ವಾ? ಹೋಗೇ."

"ಹಿತ್ತಲ ಗಿಡ ಮದ್ದಲ್ಲ ಅಂತ ಇದಕ್ಕೇ ಹೇಳೋದು," ಎಂದು ಸೊಸೆ ನಗುತ್ತಿದ್ದಳು.

ಮನೆಗಳು ಬಂದವು. ಮೊದಲು ಬ್ಯಾಂಕಿನಾಕೆ. ಅವಳನ್ನು ಸೊಸೆ ಅವಳದೇ ಕಟ್ಟಡದ ಮೆಟ್ಟಿಲು ಹತ್ತಿಸಿ ಇಳಿಸಿದಳು. ಮೂರನೇ ಮಹಡಿಯಲ್ಲಿ ಆಕೆ ಕೂತು, "ಈ ಮೆಟ್ಟಿಲಿಗೆ ನಾನು ಮೆಂಟೆನೆನ್ಸ್ ಬೇರೆ ಕಟ್ತೀನಲ್ಲ" ಎಂದು ಏದುಸಿರು ಬಿಟ್ಟಳು. ಆಮೇಲೆ ಒಬ್ಬ ನಿವೃತ್ತ ಹೆಡ್‌ಮೇಡಂ. ಕುರ್ಚಿಯಿಂದ ಕೈಯೂರದೆ ಏಳುವುದನ್ನು ಕಲಿತ ದಿನ ಆಕೆ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಳು. ಆಮೇಲೆ ಟೈಲರಮ್ಮ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಹೊಲಿದು ಹೊಲಿದು ಅವಳ ಬೆನ್ನು ಕೊಡೆಯ ಹಿಡಿಯಂತೆ ಬಗ್ಗಿಹೋಗಿತ್ತು. ಸೊಸೆ ಅವಳ ಭುಜವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ರಬ್ಬರ್ ಪಟ್ಟಿ ಎಳೆಸಿ, ಸ್ವಲ್ಪ ಸ್ವಲ್ಪವಾಗಿ ನೆಟ್ಟಗೆ ಮಾಡುತ್ತ ಬಂದಳು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಮನೆ ಏಳಾಯಿತು. ಗಂಡ ಸ್ಕೂಟರಿನ ಟೈರಿಗೆ ಗಾಳಿ ತಾನೇ ಹೊಡೆಸಿ ತಂದ.

ಅಷ್ಟರಲ್ಲಿ ಗಾಳಿ ತಿರುಗಿತು.

ಬೆಳಿಗ್ಗೆ ಸೊಸೆ ಒಂದು ಮನೆ ಮುಗಿಸಿ ಸ್ಕೂಟರ್ ಏರುವ ಹೊತ್ತಿಗೆ ಮಗಳ ಮೆಸೇಜು ಬರತೊಡಗಿತು. 'ಅಜ್ಜಿ ಹೇಳ್ತಿದಾರೆ, ಇವತ್ತು ಬ್ಯಾಂಕಿನ ಆಂಟಿ ಬೇಡವಂತೆ.' 'ಟೈಲರ್ ಆಂಟಿ ನಾಳೆ ನೋಡೋಣ ಅಂದ್ರಂತೆ.' 'ಹೆಡ್‌ಮೇಡಂ ಮನೆಗೆ ನೆಂಟರು.' ಮೊದಲು ವಾರಕ್ಕೆ ಒಂದು, ಆಮೇಲೆ ದಿನಕ್ಕೆ ಒಂದು. ಕಲಿಸಿದ ದಿನಕ್ಕೆ ಮಾತ್ರ ಫೀಸು ಎಂದು ಸೊಸೆಯೇ ಮಾಡಿದ್ದ ನಿಯಮ ಅವಳನ್ನೇ ಕಚ್ಚಿತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಅವಮಾನವಾಯಿತು. ತನ್ನ ಪಾಠದಲ್ಲೇ ಏನೋ ಐಬು ಇದೆ ಎಂದುಕೊಂಡಳು. ಕಷ್ಟದ ವ್ಯಾಯಾಮ ಬಿಟ್ಟು ಸುಲಭದ್ದು ಮಾಡಿಸಿದಳು, ಜೊತೆಗೆ ಹಾಡು ಹಾಕಿದಳು. ಆದರೂ ಇಬ್ಬರು ಬಿಟ್ಟೇ ಹೋದರು. ಒಬ್ಬಾಕೆ ನೇರವಾಗಿ ಹೇಳಿದಳು: "ದಿನ ಬಿಟ್ಟು ದಿನ ತಪ್ಪಿ ತಪ್ಪಿ ಅಭ್ಯಾಸವೇ ಹೋಯ್ತು ಕೋಚ್. ಬೇಜಾರು ಮಾಡ್ಕೋಬೇಡಿ." ಏಳು ಐದಾಯಿತು. ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು.

"ಜಿಮ್ ಮಾಲೀಕ ಅಂಗಡಿಗೆ ಬಂದಿದ್ದ," ಎಂದ ಗಂಡ ಒಂದು ಸಂಜೆ, ಬಟಾಣಿ ಸುಲಿಯುತ್ತಾ. "ಕನ್ನಡಕದ ಸ್ಕ್ರೂ ಬಿಗಿ ಮಾಡಿಸ್ಕೊಳ್ಳೋಕೆ."

"ಅಷ್ಟಕ್ಕೇ ಬಂದಿದ್ನಾ?"

"ನೀನು ಹೇಗಿದೀಯ ಅಂತ ಕೇಳಿದ."

"ನೀವೇನಂದ್ರಿ?"

"ನೋಡೋಣ ಅಂದೆ."

ಸೊಸೆ ಬಟಾಣಿಯ ಬುಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಸುಲಿಯತೊಡಗಿದಳು.

ಗುಟ್ಟು ರಟ್ಟಾದದ್ದು ತರಕಾರಿ ಅಂಗಡಿಯಲ್ಲಿ. ಸೊಸೆ ಟೊಮೇಟೊ ಆರಿಸುತ್ತಿದ್ದಾಗ ಪಕ್ಕದಲ್ಲಿ ಬ್ಯಾಂಕಿನಾಕೆ ಕಾಣಿಸಿದಳು. ಮುಖ ತಪ್ಪಿಸುತ್ತಾಳೆ ಎಂದುಕೊಂಡರೆ ಆಕೆಯೇ ಬಂದು ಕೈ ಹಿಡಿದಳು.

"ನಿಮ್ಮ ಅತ್ತೆಯಂಥವರು ಎಲ್ಲಿ ಸಿಗ್ತಾರೆ ಕೋಚ್! ನಾನು ಅರ್ಧ ಗಂಟೆ ಲೇಟಾಗಿ ಬರ್ತೀರಾ ಅಂತ ಕೇಳೋಕೆ ಫೋನ್ ಮಾಡಿದ್ದು. 'ಅಯ್ಯೋ, ನಿಮ್ಮ ಧ್ವನಿಯೇ ಬಿದ್ದುಹೋಗಿದೆಯಲ್ಲಮ್ಮ, ಇವತ್ತು ಪೂರ್ತಿ ರಜಾ ತಗೊಳ್ಳಿ, ನಾನು ಅವಳಿಗೆ ಹೇಳ್ತೀನಿ' ಅಂದ್ರು. ನನ್ನ ಸ್ವಂತ ತಾಯಿ ಹಾಗೆ ಅಂದಿಲ್ಲ!"

ಸೊಸೆ ಕೈಯಲ್ಲಿದ್ದ ಟೊಮೇಟೊ ನೋಡಿದಳು. ಅದು ಹಿಚುಕಿ ಹೋಗಿತ್ತು. ಅಂಗಡಿಯವನು ಅದನ್ನೂ ತೂಕಕ್ಕೆ ಹಾಕಿದ.

ಮನೆಗೆ ಬಂದವಳು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಅತ್ತೆ, ಬ್ಯಾಂಕಿನವರು ರಜಾ ಕೇಳಿದ್ರಾ, ನೀವೇ ಕೊಟ್ರಾ?"

ಅತ್ತೆ ತಡವರಿಸಲಿಲ್ಲ. "ನಾನೇ ಕೊಟ್ಟೆ."

"ಟೈಲರಮ್ಮನಿಗೆ?"

"ಅವಳಿಗೂ."

"ಹೆಡ್‌ಮೇಡಂಗೆ?"

"ನೆಂಟರು ಬಂದಿದ್ರು ಕಣೇ. ಪಾಪ, ಎಲ್ಲಿ ಕುಣಿಯೋಕಾಗುತ್ತೆ?"

"ಅತ್ತೆ! ಇದು ನನ್ನ ಅನ್ನ! ನಾನು ರಾತ್ರಿಯೆಲ್ಲ ಯೋಚನೆ ಮಾಡ್ತಿದೀನಿ, ನನ್ನ ಪಾಠ ಸರಿಯಿಲ್ಲ, ಜನಕ್ಕೆ ಬೇಡವಾಗಿದೆ ಅಂತ. ನೀವು ಇಲ್ಲಿ ಕೂತು ದಾನ ಮಾಡ್ತಿದೀರಾ?"

"ಕೂಗಬೇಡ," ಎಂದಳು ಅತ್ತೆ, ತಾನೂ ಕೂಗುತ್ತಲೇ. "ರಜಾ ಕೇಳೋ ಧ್ವನಿ ಹೇಗಿರುತ್ತೆ ಅಂತ ನಿಂಗೇನು ಗೊತ್ತು? ಬಾಯಿ ಬಿಟ್ಟು ಕೇಳಲ್ಲ. ಅರ್ಧ ಗಂಟೆ ಅಂತಾರೆ, ಸ್ವಲ್ಪ ಲೇಟು ಅಂತಾರೆ. ನಾನೂ ಹಾಗೇ ಕೇಳ್ತಿದ್ದೆ. ನಿನ್ನ ಗಂಡ ಚಿಕ್ಕವನು, ಜ್ವರ ಬಂದು ಮೈ ಸುಡ್ತಿದ್ದಾಗ ಅರ್ಧ ದಿನ ರಜಾ ಕೇಳಿದೆ. ಸೂಪರ್‌ವೈಸರ್ 'ನೋಡೋಣ' ಅಂದ. ನೋಡ್ತಾ ನೋಡ್ತಾ ಡ್ಯೂಟಿ ಮುಗೀತು. ಆವತ್ತೇ ಅಂದ್ಕೊಂಡೆ, ಯಾವತ್ತಾದ್ರೂ ರಜಾ ಕೊಡೋ ಕುರ್ಚಿ ಸಿಕ್ರೆ ಒಬ್ಬರಿಗೂ ಇಲ್ಲ ಅನ್ನಲ್ಲ ಅಂತ. ಈಗ ಸಿಕ್ಕಿದೆ. ಕೊಡ್ತೀನಿ."

"ಆ ಕುರ್ಚಿ ನಂದು ಅತ್ತೆ!"

"ಹಾಗಾದ್ರೆ ತಗೋ ನಿನ್ನ ಕುರ್ಚಿ." ಅತ್ತೆ ಫೋನನ್ನು ಟೊಮೇಟೊದ ಪಕ್ಕದಲ್ಲಿಟ್ಟು ಎದ್ದು ಹೋದಳು.

ಗಂಡ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. 'ನೋಡೋಣ' ಎಂಬ ಮಾತು ಬಂದಾಗ ಅವನು ನೆಲ ನೋಡಿದ. ಹೆಂಡತಿ ಅದನ್ನು ಗಮನಿಸಿದಳು, ಆದರೆ ಅವಳಿಗೆ ಕನಿಕರ ಪಡುವಷ್ಟು ಪುರುಸೊತ್ತು ಇರಲಿಲ್ಲ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಆ ಮನೆಯಲ್ಲಿ ಕೊತ್ತಿ ಇರಲಿಲ್ಲ, ಹಾಗಾಗಿ ಡಂಬೆಲ್ ಬ್ಯಾಗಿಗೆ ಬಿತ್ತು ಏಟು. ಫೋನು ಈಗ ಸೊಸೆಯ ಜೇಬಿನಲ್ಲಿ. ಹೆಡ್‌ಮೇಡಂ ಅರ್ಧ ಎದ್ದು ಅರ್ಧ ಕೂತಿರುವಾಗಲೇ ಅದು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಇವರಿಗೆ ಸಿಟ್ಟು, ಎತ್ತದಿದ್ದರೆ ಅವರಿಗೆ ಸಿಟ್ಟು. ಎತ್ತಿದಾಗಲೂ ಆ ಕಡೆಯಿಂದ ಮೊದಲ ಮಾತು ಒಂದೇ: "ಅಮ್ಮ ಇಲ್ವಾ?" ಇಬ್ಬರು ಹೊಸಬರು ಅತ್ತೆಯ ಧ್ವನಿಯ ಹೊಗಳಿಕೆ ಕೇಳಿಯೇ ಫೋನು ಮಾಡಿದ್ದರು. ಸೊಸೆಯ ಗಡಿಬಿಡಿಯ ಧ್ವನಿ ಕೇಳಿ, ಆಮೇಲೆ ಮಾಡುತ್ತೇವೆ ಎಂದು ಇಟ್ಟುಬಿಟ್ಟರು.

"ಅಮ್ಮ, ಅಜ್ಜಿ ಹತ್ರ ಫೋನ್ ವಾಪಸ್ ಕೊಡು," ಎಂದಳು ಮಗಳು, ಟವೆಲ್ಲು ಮಡಚುತ್ತಾ.

"ಕೊಟ್ರೆ ಊರಿಗೆಲ್ಲ ರಜಾ ಘೋಷಣೆ ಮಾಡ್ತಾರೆ."

"ಕೊಡದಿದ್ರೆ ಊರೇ ಫೋನ್ ಮಾಡಲ್ಲ."

ಮಕ್ಕಳ ಬಾಯಲ್ಲಿ ಸತ್ಯ ಬಂದರೆ ದೊಡ್ಡವರಿಗೆ ಕೆಲಸ ನೆನಪಾಗುತ್ತದೆ. ಸೊಸೆ ನೀರು ತುಂಬಿಸಲು ಹೋದಳು.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನು ಮೇಜಿನ ಮೇಲಿತ್ತು, ಮೊದಲ ಮನೆ ಮುಗಿಸಿ ಬಂದ ಸೊಸೆಯ ಎರಡೂ ಕೈ ಹಿಟ್ಟಿನಲ್ಲಿದ್ದವು. ಫೋನು ರಿಂಗಾಯಿತು. ಅತ್ತೆಯ ಕೈ ತಾನಾಗಿ ಹೋಯಿತು. ಇಡೀ ಜೀವಮಾನ ರಿಂಗಿಗೆ ಎದ್ದ ಕೈ ಅದು, ಸಿಟ್ಟು ಗಿಟ್ಟು ಅದಕ್ಕೆ ಗೊತ್ತಿಲ್ಲ.

"ಹಲೋ, ಹೇಳೀಮ್ಮ... ಹೌದಾ... ಅಯ್ಯೋ... ಆಯ್ತಮ್ಮ ಆಯ್ತು, ಇವತ್ತು ರೆಸ್ಟ್ ಮಾಡಿ."

ಇಟ್ಟ ಮೇಲೆ ಅವಳಿಗೆ ಅರಿವಾಯಿತು. ಗಂಡ ಬ್ರೆಡ್ಡು ಕೆರೆಯುವುದನ್ನು ನಿಲ್ಲಿಸಿದ.

ಸೊಸೆ ಕೂಗಲಿಲ್ಲ. ಕೈ ತೊಳೆದು, ಒರೆಸಿಕೊಂಡು, ಬ್ಯಾಗು ಎತ್ತಿಕೊಂಡಳು. "ಯಾರದು? ಟೈಲರಮ್ಮನದಾ?"

"ಹೂಂ. ಮನೇಲಿ ಜನ ಇದಾರಂತೆ."

"ಚಪ್ಪಲಿ ಹಾಕ್ಕೊಳ್ಳಿ ಅತ್ತೆ."

"ಎಲ್ಲಿಗೆ?"

"ನೀವು ರಜಾ ಕೊಟ್ಟ ಮನೆಗೆ. ಹೇಗೆ ರೆಸ್ಟ್ ಮಾಡ್ತಾರೆ ಅಂತ ನೋಡ್ಕೊಂಡು ಬರೋಣ. ಅವರು ಕಾಲು ಚಾಚಿ ಮಲಗಿದ್ರೆ ಈ ಫೋನು ನಿಮ್ಮದೇ, ನಾನು ಮಾತಾಡಲ್ಲ."

ಅತ್ತೆಗೆ ಸವಾಲು ಎಂದರೆ ಆಗಿಬರುತ್ತಿತ್ತು. ಡಂಬೆಲ್ ಬ್ಯಾಗನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ರಸ್ತೆಯಲ್ಲಿ ಉಬ್ಬು ಬಂದಾಗ ಅತ್ತೆ, "ನಿಧಾನ, ಇದರಲ್ಲಿರೋದು ಕಬ್ಬಿಣ" ಎಂದಳು.

ಟೈಲರಮ್ಮ ಬಾಗಿಲು ತೆಗೆದಾಗ ಅವಳ ಕೈಯಲ್ಲಿ ಚಾಕು ಇತ್ತು, ಕಣ್ಣಲ್ಲಿ ಈರುಳ್ಳಿಯ ನೀರು. ಒಳಗಿನಿಂದ ಗಂಡಸರ ನಗು ಕೇಳುತ್ತಿತ್ತು.

"ಅಯ್ಯೋ ಕೋಚ್! ಅಮ್ಮನೂ ಬಂದ್ರಾ? ಬನ್ನಿ ಬನ್ನಿ. ಹೇಗೂ ಇವತ್ತು ರಜಾ ಸಿಕ್ತಲ್ಲ ಅಂತ ಇವರು ತಮ್ಮಂದಿರನ್ನೂ ತಿಂಡಿಗೆ ಕರೆದುಬಿಟ್ರು..." ಎಂದು ಅವಳು ನಕ್ಕಳು. ಆ ನಗು ಕೆನ್ನೆಯವರೆಗೂ ಬರಲಿಲ್ಲ.

"ಚಹಾ ಆಯ್ತೇನೇ?" ಒಳಗಿನಿಂದ ಕೂಗು ಬಂತು. "ಅಂಗಿಗೆ ಇಸ್ತ್ರಿ ಹಾಕಿದೀರಾ ಅತ್ತಿಗೆ?" ಎಂದು ಇನ್ನೊಂದು. ಒಲೆಯ ಮೇಲೆ ಏನೋ ಉಕ್ಕಿ ಚುರ್ ಎಂದಿತು. ಟೈಲರಮ್ಮ ಓಡಿದಳು.

ಅತ್ತೆ ನಡುಮನೆಯಲ್ಲಿ ನಿಂತು ಸುತ್ತ ನೋಡಿದಳು. ಪಕ್ಕದ ಚಿಕ್ಕ ಕೋಣೆಯಲ್ಲಿ ಹೊಲಿಗೆ ಮೆಷಿನ್, ಅದರ ಪಕ್ಕದಲ್ಲಿ ಸುತ್ತಿಟ್ಟ ವ್ಯಾಯಾಮದ ಚಾಪೆ. ಚಾಪೆಯ ಮೇಲೆ ಒಗೆದ ಬಟ್ಟೆಯ ರಾಶಿ, ರಾಶಿಯ ಮೇಲೆ ಯಾರದೋ ಹೆಲ್ಮೆಟ್ಟು. ಅತ್ತೆ ಅಡುಗೆಮನೆಯ ಬಾಗಿಲಿಗೆ ಹೋದಳು.

"ಅಲ್ಲಮ್ಮ, ನಾನು ರೆಸ್ಟ್ ಮಾಡಿ ಅಂದಿದ್ನಲ್ಲ?"

"ರೆಸ್ಟಾ?" ಟೈಲರಮ್ಮ ಚಹಾ ಸೋಸುತ್ತಲೇ ಹೇಳಿದಳು. "ಕೋಚ್ ಬರೋ ದಿನ ಆ ರೂಮಿನ ಬಾಗಿಲು ಹಾಕ್ಕೋತೀನಿ ಅಮ್ಮ. ದುಡ್ಡು ಕೊಟ್ಟು ಕರೆಸಿದೀವಲ್ಲ ಅಂತ ಒಬ್ಬರೂ ಬಾಗಿಲು ತಟ್ಟಲ್ಲ. ಈ ಮನೆಗೆ ಬಂದಾಗಿನಿಂದ ನಂದು ಅಂತ ಬಾಗಿಲು ಹಾಕ್ಕೊಂಡಿದ್ದು ಆ ಹೊತ್ತು ಮಾತ್ರ. ಅದು ತಪ್ಪಿದ ದಿನ ಹೀಗೇ." ಅವಳ ಮಾತಿನಲ್ಲಿ ದೂರು ಇರಲಿಲ್ಲ, ಅದನ್ನೇ ಅತ್ತೆಗೆ ತಡೆಯಲಾಗಲಿಲ್ಲ.

ಅತ್ತೆ ಸೊಸೆಯ ಕಡೆ ನೋಡಿದಳು. ಗೆದ್ದವಳ ಮುಖ ಮಾಡಬೇಕೆಂದು ಸೊಸೆ ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದಳು, ಆಗಲಿಲ್ಲ. ಅವಳಿಗೂ ಇದು ಇಷ್ಟೊಂದು ಗೊತ್ತಿರಲಿಲ್ಲ.

ಆಗ ಅತ್ತೆ ಮಾಡಿದ ಕೆಲಸವನ್ನು ಸೊಸೆ ಆಮೇಲೆ ಎಲ್ಲ ಮನೆಗಳಲ್ಲೂ ಹೇಳಿ ನಗಿಸಿದಳು. ಅತ್ತೆ ಚಾಪೆಯ ಮೇಲಿನ ಹೆಲ್ಮೆಟ್ಟು ಎತ್ತಿ, ನಡುಮನೆಗೆ ಬಂದು, ನಗುತ್ತ ಕೂತಿದ್ದ ಗಂಡಸರ ಮುಂದೆ ಮೇಜಿನ ಮೇಲಿಟ್ಟಳು. ಬಾಯಿ ತೆರೆದಾಗ ಬಂದದ್ದು ಮನೆಯ ಧ್ವನಿಯಲ್ಲ, ಬೋರ್ಡಿನ ಧ್ವನಿ.

"ಒಂದು ತಪ್ಪಾಗಿದೆ. ಫೋನಲ್ಲಿ ರಜಾ ಅಂದಿದ್ದೆ. ಅದು ಕ್ಯಾನ್ಸಲ್ ಆಗಿದೆ. ಕೋಚ್ ಬಂದಿದಾರೆ, ಇವರ ಹೊತ್ತು ಶುರುವಾಯ್ತು."

ಟೈಲರಮ್ಮನ ಗಂಡ ತಬ್ಬಿಬ್ಬಾದ. ಹಿರಿಯಾಕೆ, ಎದುರಾಡುವ ಹಾಗಿಲ್ಲ. "ಅಲ್ಲ ಅಮ್ಮ, ತಿಂಡಿ ಅರ್ಧ..."

"ಅರ್ಧ ಆಗಿದೆಯಲ್ಲ? ಉಳಿದರ್ಧ ನೀವು ಮಾಡಿ. ಒಲೆ ಹಚ್ಚೋಕೆ ಬರುತ್ತಲ್ಲ?"

"ಬರುತ್ತೆ..."

"ಮತ್ತೇನು? ಈರುಳ್ಳಿ ಹೆಚ್ಚಿ ಆಗಿದೆ."

ಒಂದು ಕುರ್ಚಿ ಎಳೆದು ಚಿಕ್ಕ ಕೋಣೆಯ ಬಾಗಿಲಿಗೆ ಅಡ್ಡ ಹಾಕಿಕೊಂಡು ಅತ್ತೆ ಕೂತಳು. ಒಳಗೆ ಸೊಸೆ ಟೈಲರಮ್ಮನ ಭುಜ ಗೋಡೆಗೆ ಒತ್ತಿ, "ಉಸಿರು ಬಿಡಿ, ನಿಧಾನ" ಎನ್ನುತ್ತಿದ್ದಳು. ಹೊರಗೆ ಒಬ್ಬ ಮೈದುನ ಉಪ್ಪು ಎಲ್ಲಿದೆ ಎಂದು ಅತ್ತಿಗೆಯನ್ನು ಕೇಳಲು ಬಂದ. "ಮೂಗಿನ ಕೆಳಗೇ ಇರುತ್ತೆ, ಹುಡುಕಪ್ಪ" ಎಂದು ಅತ್ತೆ ಅವನನ್ನು ವಾಪಸ್ಸು ಕಳಿಸಿದಳು. ಗಂಟೆ ಮುಗಿಯುವವರೆಗೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಟೈಲರಮ್ಮ ಬೆವರು ಒರೆಸಿಕೊಂಡು ನೆಟ್ಟಗೆ ನಡೆದು ಹೊರಗೆ ಬಂದಾಗ ಮೇಜಿನ ಮೇಲೆ ಅವಳಿಗೂ ಒಂದು ತಟ್ಟೆ ಇತ್ತು. ಉಪ್ಪು ಮಾತ್ರ ಜಾಸ್ತಿಯಾಗಿತ್ತು.

ಸ್ಕೂಟರಿನ ಹತ್ತಿರ ಬಂದ ಮೇಲೆ ಅತ್ತೆ ನಿಂತಳು.

"ನಾನು ಕೊಟ್ಟಿದ್ದು ರಜಾ ಅಂದ್ಕೊಂಡಿದ್ದೆ ಕಣೇ. ಅವಳಿಗಿದ್ದ ಒಂದು ರಜಾನೂ ನಾನೇ ಕಿತ್ಕೊಂಡು ಅವರ ಮನೆಯವರಿಗೆ ಕೊಟ್ಟೆ."

"ನೀವು ಒಳ್ಳೇದಕ್ಕೇ ಮಾಡಿದ್ರಿ ಅತ್ತೆ."

"ಸಮಾಧಾನ ಹೇಳಬೇಡ. ಫೋನ್ ಕೊಡು."

ಸೊಸೆ ಜೇಬಿನಿಂದ ತೆಗೆದು ಕೊಟ್ಟಳು. ಆ ಕ್ಷಣದಲ್ಲಿ ಅವಳಿಗೆ ಅತ್ತೆಯ ಮೇಲೆ ಎಂದೂ ಬಂದಿರದಷ್ಟು ಪ್ರೀತಿ ಬಂತು. ಬೀದಿಯಲ್ಲಿ ಅಪ್ಪಿಕೊಳ್ಳುವುದು ಇಬ್ಬರಿಗೂ ಮುಜುಗರವಾಗುತ್ತಿತ್ತು, ಹಾಗಾಗಿ ಬ್ಯಾಗನ್ನು ತಾನೇ ಮುಂದೆ ಇಟ್ಟುಕೊಂಡಳು.

ಅಂದಿನಿಂದ ಫೋನಿನ ಧ್ವನಿಯಲ್ಲಿ ಬೆಣ್ಣೆ ಹಾಗೆಯೇ ಇತ್ತು, ಆದರೆ ಒಳಗೊಂದು ಗಟ್ಟಿ ಕಡಲೆ ಸೇರಿತು. "ನೆಂಟರಾ? ಬರಲಿ ಬಿಡಿ, ಕೂತಿರ್ತಾರೆ. ನಿಮ್ಮ ಹೊತ್ತು ನಿಮ್ಮದು." "ತಲೆನೋವಾ? ನಿಜವಾದ್ದಾ, ಮನೆಯವರು ಕೊಟ್ಟಿದ್ದಾ? ನಿಜವಾದ್ದಾದ್ರೆ ಮಲಗಿ. ಮನೆಯವರು ಕೊಟ್ಟಿದ್ದಾದ್ರೆ ಬಾಗಿಲು ತೆಗೆದಿಡಿ, ಅವಳು ಹೊರಟಾಯ್ತು." ಒಂದೊಂದು ಸಲ, "ನಿಮ್ಮ ಯಜಮಾನರಿಗೆ ಫೋನ್ ಕೊಡಿ" ಎಂದೂ ಹೇಳುತ್ತಿದ್ದಳು. ಬಿಟ್ಟುಹೋದ ಇಬ್ಬರೂ ಮರಳಿದರು. ಟೈಲರಮ್ಮ ತನ್ನ ಬಳಿ ಬಟ್ಟೆ ಹೊಲಿಸುವ ಇಬ್ಬರನ್ನು ಕಳಿಸಿದಳು, ಅಳತೆ ಕೊಡಲು ಬಂದವರಿಗೆ ಕುರ್ಚಿಯ ಕಥೆ ಹೇಳಿ. ಮನೆ ಒಂಬತ್ತಾಯಿತು.

ಒಂಬತ್ತಕ್ಕೇ ನಿಂತಿತು. ಶಾಲೆ ತೆರೆಯುವ ಹಿಂದಿನ ದಿನ ಮಗಳು ಬ್ಯಾಗಿಗೆ ಪುಸ್ತಕ ತುಂಬುತ್ತಿದ್ದಳು. ಮಧ್ಯಾಹ್ನದ ಊಟದ ಮೇಜಿನ ಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಎತ್ತದೆ ಇರುವುದೇ ಎಲ್ಲರಿಗೂ ಕೇಳಿಸುತ್ತಿತ್ತು. ಸೊಸೆಯ ಗಂಟಲಲ್ಲಿ ಮುಳ್ಳು ಮತ್ತೆ ಆಡಿತು. ಮಾತು ಎಂದರೆ ಮಾತು, ಒಂದು ಕಡಿಮೆಯಾದರೂ ಕಡಿಮೆಯೇ.

ಊಟದ ಮಧ್ಯೆ ಫೋನು ರಿಂಗಾಯಿತು. ಅತ್ತೆ ಎಡಗೈಯಲ್ಲಿ ಎತ್ತಿದಳು.

"ಹಲೋ, ಹೇಳಿ... ಓ, ಜಿಮ್ ಮಾಲೀಕರಾ?"

ಮಗಳು ಅಮ್ಮನ ಮುಖ ನೋಡಿದಳು.

"ನಾಳೆಯಿಂದ ಬರ್ತಾಳಾ ಅಂತಾನಾ? ಇಲ್ಲಪ್ಪ, ಅವಳಿಗೆ ಪುರುಸೊತ್ತಿಲ್ಲ. ಹತ್ತು ಮನೆ ಆಗಿದೆ... ಹೌದು, ಹತ್ತು. ನಿಮ್ಮ ಮನೆಯವರಿಗೆ ಬೇಕಿದ್ರೆ ಹೇಳಿ, ಹನ್ನೊಂದನೇದು ಮಾಡ್ಕೋತೀವಿ. ಇಡ್ಲಾ?"

ಇಟ್ಟು, ಮತ್ತೆ ಅನ್ನ ಕಲೆಸಿದಳು.

"ಅತ್ತೆ, ಒಂಬತ್ತು," ಎಂದಳು ಸೊಸೆ ಮೆಲ್ಲಗೆ. "ಸುಳ್ಳು ಹೇಳಿ ಗೆಲ್ಲೋದು ನಂಗೆ ಬೇಡ."

"ಸುಳ್ಳೆಲ್ಲಿ? ಹತ್ತನೇ ಮನೆ ಇದೇ. ಸಂಜೆ ಐದರಿಂದ ಆರು. ಫೀಸು ನನ್ನ ಪೆನ್ಷನ್ನಿಂದ, ಎಲ್ಲರ ಹಾಗೆ. ಮನೆಯವಳು ಅಂತ ಕಡಿಮೆ ಮಾಡಿದ್ರೆ ನಾನು ಬೇರೆ ಕೋಚ್ ನೋಡ್ಕೋತೀನಿ."

"ಅಮ್ಮ," ಎಂದ ಗಂಡ, "ಐದಕ್ಕೆ ಚಹಾ..." ಅಲ್ಲಿಗೇ ಅವನ ಮಾತು ನಿಂತಿತು. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. 'ನೋಡೋಣ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋದದ್ದು ಎಲ್ಲರಿಗೂ ಕಂಡಿತು.

"ಹೂಂ," ಎಂದ. "ಹತ್ತು."

ಆ ಸಂಜೆಯೇ ಅತ್ತೆಯ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿತು. ಆ ಬಾಗಿಲಿಗೆ ಚಿಲಕ ಇದೆಯೆಂಬುದು ಮನೆಯವರಿಗೆ ಗೊತ್ತಾದದ್ದೇ ಆಗ. ಮೊಮ್ಮಗಳು ಒಂದು ಕುರ್ಚಿ ತಂದು ಬಾಗಿಲಿಗೆ ಅಡ್ಡ ಹಾಕಿಕೊಂಡು, ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುತ್ತಾ ಕೂತಳು.

ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದಾಯಿತು. ಒಂದಾದ ಮೇಲೊಂದು ಮುಚ್ಚಳ ತೆರೆದು ಮುಚ್ಚಿತು. ಆಮೇಲೆ ಗಂಡನ ಕೂಗು ಕೇಳಿಸಿತು.

"ಅಮ್ಮಾ, ಸಕ್ಕರೆ ಎಲ್ಲಿಟ್ಟಿದೀಯ?"

ಒಳಗೆ ಏದುಸಿರು, ಸೊಸೆಯ "ಇನ್ನೊಂದು ಸಲ ಅತ್ತೆ, ಕೈಯೂರಬೇಡಿ," ಕುರ್ಚಿಯ ಕಿರುಗುಟ್ಟು. ಆಮೇಲೆ ಬೆಣ್ಣೆ ಸವರಿದ ಆ ಧ್ವನಿ ಬಾಗಿಲು ದಾಟಿ ಹೊರಗೆ ಬಂತು.

"ಹಲೋ, ಹೇಳೀಪ್ಪ. ನೀವು ಕೇಳಿದ ಲೈನು ಬಿಜಿ ಇದೆ. ಆರು ಗಂಟೆ ಮೇಲೆ ಪ್ರಯತ್ನ ಮಾಡಿ."

ಮಗ ಆ ಸಂಜೆ ಸಕ್ಕರೆಯಿಲ್ಲದ ಚಹಾ ಕುಡಿದ. ಮರುದಿನ ಸಕ್ಕರೆ ಡಬ್ಬಿ ಅವನಿಗೇ ಸಿಕ್ಕಿತು.